ಟೌನ್‌ಹಾಲ್‌ನಲ್ಲಿ ಹಾಸು ಬಿಗಿದ ದಿನಗಳು

ಹೊಸ ಸುಣ್ಣ, ವಾರ್ನಿಷು ಎಲ್ಲ ಬಳಿದಿದ್ದರೂ ಮೊಳಕಾಲ್ಮುರಿನ ಹಳೇ ಟೌನ್‌ಹಾಲ್‌ನ ಬಾಗಿಲು ತೆಗೆದೊಡನೆ ನನ್ನ ಮೂಗಿಗೆ ಬಡಿದದ್ದು ಒದ್ದೆ ರೇಷ್ಮೆಯ ವಾಸನೆಯೇ. ಅದು ನಿಜವಾಗಿ ಅಲ್ಲಿತ್ತೋ, ನಾನೇ ಕಟ್ಟಿಕೊಂಡು ಬಂದಿದ್ದೆನೋ ಹೇಳಲಾರೆ. ಆ ಕಟ್ಟಡವನ್ನೀಗ ಲೈಬ್ರರಿ ಮಾಡಿದ್ದರು. ಎರಡು ಸಾಲು ಕಲ್ಲುಕಂಬ, ಮೇಲೆ ಚಪ್ಪಡಿಯ ಸೂರು, ಸೂರಿನಡಿ ಉದ್ದಕ್ಕೂ ಗವಾಕ್ಷಿಗಳು. ಬೆಳಗಿನ ಬಿಸಿಲು ಅಲ್ಲಿಂದಿಳಿದು ನಡುಹಾದಿಯಲ್ಲಿ ಮಲಗುತ್ತಿತ್ತು. ಭಾಷಣಕ್ಕೆಂದು ಕಟ್ಟಿಸಿದ್ದಂತೆ. ಭಾಷಣದವರು ವರ್ಷಕ್ಕೆರಡು ಸಲ ಬಂದರೆ ಹೆಚ್ಚು. ಮಳೆ ಹಿಡಿದರೆ ಅದು ನಮ್ಮ ನೇಕಾರರದ್ದೇ.

ನಮ್ಮ ಮನೆಯೋ, ಕಾಲು ಚಾಚಿದರೆ ಗೋಡೆ. ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳನ್ನು, ಬಿಗಿದು ಸರಿಮಾಡಲು ಬೀದಿ ಬೇಕು. ಹನಿ ಬಿದ್ದರೆ ಟೌನ್‌ಹಾಲ್. ನಾವು ತೆಲುಗಿನವರು, ಅಪ್ಪನನ್ನು ನಾಯನ ಅನ್ನುತ್ತಿದ್ದೆವು. ನಾಯನ ಈ ಕೊನೆಯ ಕಂಬದಿಂದ ಆ ಕೊನೆಯ ಕಂಬಕ್ಕೆ ಹಗ್ಗ ಬಿಗಿದು ಎಳೆ ಹರಡಿದನೆಂದರೆ ನಡುಹಾದಿಯೆಲ್ಲ ಅರಿಸಿನ ಬಣ್ಣ. ಅದನ್ನು ಯಾರೂ ದಾಟುವಂತಿಲ್ಲ, ಗೋಡೆಗುಂಟ ಸುತ್ತಿ ಬರಬೇಕು. ಸಾಹುಕಾರರೂ ಅಷ್ಟೇ. ಕಾಲಿಗೆ ಚಕ್ರ ಕಟ್ಟಿಕೊಂಡ ಏಳು ವರ್ಷದ ನಾನು ಒಮ್ಮೆ ಹಾರಿಯೇಬಿಟ್ಟೆ. ಹಿಡಿ ಎಳೆ ಹರಿದವು. ನಾಯನ ಬೈಯಲಿಲ್ಲ. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆ ಹೊಸೆಯತೊಡಗಿ, "ಕೂತ್ಕ ಪಾಪ, ತುದಿ ಹಿಡ್ಕ. ಹರಿದೋಳೇ ಕೂಡಿಸ್ಬೇಕು" ಎಂದ. ಸಂಜೆವರೆಗೂ ಹಿಡಿದೆ. ಮನೆ ತುಂಬ ಮಕ್ಕಳಿದ್ದ ನಾಯನ ನನ್ನೊಬ್ಬಳಿಗೇ ಸಿಕ್ಕಿದ್ದು ಅದೊಂದು ದಿನ. ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಅವನು ತೀರಿಹೋದ ಮೇಲೆ ಅವ್ವ ಅಲ್ಲಿಯ ಹೊಸ್ತಿಲು ತುಳಿದಿರಲಿಲ್ಲ. "ಅಲ್ಲೇನೈತೆ ನಂಗೆ" ಅನ್ನುತ್ತಿದ್ದಳು. ಲೈಬ್ರರಿ ಶುರುವಾದ ದಿನ ನಾನೇ ಬಲವಂತದಿಂದ ಕರೆತಂದೆ. ಎಲ್ಲರೆದುರು ಅತ್ತುಬಿಟ್ಟರೆ ಏನು ಗತಿ ಎಂಬ ಅಳುಕು ನನಗೆ. ಅವ್ವ ಒಳಬಂದವಳೇ ಗೋಡೆಗುಂಟ ನಡೆದಳು, ನಡುಹಾದಿ ಬರಿದಾಗಿದ್ದರೂ. ಹಗ್ಗ ಸವೆಸಿದ ಕಂಬದ ಗೀರನ್ನು ಬಣ್ಣದವರು ಮುಚ್ಚಿರಲಿಲ್ಲ. ಅದಕ್ಕೆ ಬೆರಳಿಟ್ಟು ಕಂಬದ ಸುತ್ತ ಸವರಿದಳು. ಅಷ್ಟರಲ್ಲಿ ಪುಟ್ಟ ಹುಡುಗಿಯೊಬ್ಬಳು ಚಿತ್ರದ ಪುಸ್ತಕ ಎದೆಗವಚಿಕೊಂಡು ನಡುಹಾದಿ ದಾಟಿ ಆಚೆ ಸಾಲಿಗೆ ಓಡಿದಳು. ಅವ್ವನ ಕೈ ತಡೆಯಲೆಂದು ಮೇಲೆದ್ದಿತು, ಹಾಗೇ ಇಳಿಯಿತು. ಆಮೇಲೆ ನಕ್ಕಳು.

"ಏನೂ ಹರೀಲಿಲ್ಲ ಬಿಡು" ಎಂದು ಸೆರಗು ಸೊಂಟಕ್ಕೆ ಸಿಗಿಸಿ, ಬಿಸಿಲು ಮಲಗಿದ್ದ ನಡುಹಾದಿಯನ್ನು ನೇರ ದಾಟಿ, ಆ ಹುಡುಗಿಯ ಪಕ್ಕ ಕೂತಳು. "ನೀನೂ ಬಾರೇ" ಎಂದು ನನ್ನನ್ನು ಕರೆದಳು.

ಹೋದೆ. ಗೋಡೆಗುಂಟ ಸುತ್ತಿಕೊಂಡು ಹೋದೆ.