ಮಗಳು ಒಳಗೆ, ಕೀಲಿಯೂ ಒಳಗೆ

ಗೆಳೆಯರೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ! ಇಂದು ರಬಕವಿಯ ಸೀರೆ ಅಂಗಡಿಯ ಮುಂದೆ ನಾನೂ ಇಳಿದು, ಅವ್ವನನ್ನೂ ಇಳಿಸಿ ಕಾರಿನ ಬಾಗಿಲು ಹಾಕಿದ್ದೇ ತಡ, ಒಳಗೆ ರಿಮೋಟ್ ಕೀಲಿ ಹಿಡಿದು ಆಡುತ್ತಿದ್ದ ಎರಡು ವರ್ಷದ ಮಗಳು ಗುಂಡಿ ಒತ್ತಿಬಿಟ್ಟಳು. ಎಲ್ಲ ಬಾಗಿಲೂ ಲಾಕ್! ಇನ್ನೊಂದು ಕೀಲಿ ಜಮಖಂಡಿಯ ಮನೆಯಲ್ಲಿ. ಸುಡುವ ಬಿಸಿಲು. ಮಗು ಬೆವರಿ ಅಳತೊಡಗಿತು. ಗಾಜು ಒಡೆಯಲು ನಾನು ಕಲ್ಲೆತ್ತಿದೆ.

"ತಡಿಯೋ, ಕೂಸು ಅಂಜತೈತಿ!" ಎಂದ ಅವ್ವ, ಗಾಜಿಗೆ ಮುಖ ಹಚ್ಚಿ ನಕ್ಕಳು. "ಬಂಗಾರಾ, ಟಿವಿ ಹಚ್ಚವ್ವಾ! ಒತ್ತು, ಒತ್ತು!"

ಮಗಳು ಅಳು ನಿಲ್ಲಿಸಿ ಸಿಕ್ಕಸಿಕ್ಕ ಗುಂಡಿ ಒತ್ತಿದಳು. ಹಾರ್ನ್ ಬಡಿದುಕೊಂಡಿತು, ದೀಪಗಳು ಮಿನುಗಿದವು, ಆಮೇಲೆ ಟಕ್! ಬಾಗಿಲು ಎಳೆದು ಅವಳನ್ನು ಅಪ್ಪಿಕೊಂಡೆ.

"ಕೀಲಿ ಇನ್ನ ನನ್ನ ಕಡೆ ಇರಲಿ" ಎಂದು ಅವ್ವ ಅದನ್ನು ಸೆರಗಿಗೆ ಕಟ್ಟಿಕೊಂಡಳು. ಕೀಲಿ ಹತ್ತಿರವಿದ್ದರಷ್ಟೇ ಚಾಲೂ ಆಗುವ ಕಾರಿದು. ಇನ್ನು ಅವ್ವ ಹತ್ತಿ ಕೂತರೆ ಮಾತ್ರ ನಮ್ಮ ಗಾಡಿ ಹೊರಡುತ್ತದೆ!