ಕಾಲು ಹೇಳದ ಸುದ್ದಿ

ಮೊದಲು ಕಂಡದ್ದು ಸಾಕ್ಸಿನ ಮೇಲಿನ ಕಲೆ. ಕೆಲಸದಿಂದ ಬಂದು ಬೂಟು ಬಿಚ್ಚಿದೆ. ಎಡಗಾಲಿನ ಸಾಕ್ಸಿನ ತುದಿ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಅಂದುಕೊಂಡೆ. ನಮ್ಮ ಶೆಡ್ಡಿನಲ್ಲಿ ಎಲ್ಲಕ್ಕೂ ಎಣ್ಣೆ ಹತ್ತಿರುತ್ತದೆ. ಮೂಸಿ ನೋಡಿದೆ.

ರಕ್ತ.

ನೋವು ಮಾತ್ರ ಒಂದಿಷ್ಟೂ ಇರಲಿಲ್ಲ.

ನಾನು ಹುಬ್ಬಳ್ಳಿಯ ಒಂದು ಲೇತ್ ಶೆಡ್ಡಿನಲ್ಲಿ ಕಸ ಹೊಡೆಯುವವಳು. ಮೊಮ್ಮಕ್ಕಳಿದ್ದಾರೆ, ಶುಗರ್ ಇದೆ, ಕೆಲಸ ಬಿಟ್ಟಿಲ್ಲ. ಕಬ್ಬಿಣ ಕೊರೆಯುವಾಗ ಉದುರುವ ಸುರುಳಿ ಚೂರುಗಳು ಬ್ಲೇಡಿನ ಹಾಗೆ ಇರುತ್ತವೆ. ಅದಕ್ಕೇ ಹೊಸ ಸೂಪರ್‌ವೈಸರ್ ಚಪ್ಪಲಿ ಹಾಕಿದವರು ಒಳಗೆ ಬರಬಾರದು ಎಂದ. ಮುಂದೆ ಉಕ್ಕಿನ ಮುಚ್ಚಳ ಇರುವ ಸೇಫ್ಟಿ ಶೂಗಳನ್ನು ರಾಶಿ ಹಾಕಿ, ಆರಿಸಿಕೊಳ್ಳಿ ಎಂದ. ಎಲ್ಲ ಗಂಡಸರವು. ಒಂದೊಂದೇ ಹಾಕಿ ನೋಡಿದೆ. ಕಾಲಲ್ಲಿ ಏನೂ ಇಲ್ಲದ ಹಾಗೆ ಇತ್ತು. ಎಲ್ಲಕ್ಕಿಂತ ಬಿಗಿಯಾದದ್ದು ಹಾಕಿದಾಗ ಮಾತ್ರ ಇದು ಕೂತಿತು ಅನಿಸಿತು. ಅದನ್ನೇ ತಂದೆ. ಕಾಲುಂಗುರ ತೆಗೆಯಲಿಲ್ಲ. ಗಂಡ ಬದುಕಿರುವಾಗ ಯಾರು ತೆಗೆಯುತ್ತಾರೆ?

ಸಾಕ್ಸ್ ನೋಡಿದ ನಮ್ಮ ಮನೆಯವರು ಮರುದಿನವೇ ವಿದ್ಯಾನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರ್ ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಾರೆ. ಅವರು ನನಗೆ ಕಣ್ಣು ಮುಚ್ಚಲು ಹೇಳಿದರು. ದಾರದಂಥದ್ದೊಂದರಿಂದ ಅಂಗಾಲು ಮುಟ್ಟುತ್ತೇನೆ, ತಿಳಿದ ಕೂಡಲೇ ಹೇಳಿ ಎಂದರು. ನಾನು ಕಾದೆ. ಮತ್ತೂ ಕಾದೆ.

"ಯಾವಾಗ ಮುಟ್ತೀರ್ರಿ ಬಾಯಾರ?"

"ಮುಟ್ಟಿ ಮುಗೀತ್ರಿ ಅಮ್ಮಾ."

ಕಣ್ಣು ಬಿಟ್ಟೆ. ಶುಗರ್ ಕಾಲಿನ ನರಗಳನ್ನು ತಿಂದಿದೆ ಎಂದರು. ಜೋಮು ಹಿಡಿದ ಕಾಲಿಗೆ ಸರಿಯಾದ ಬೂಟು ಸಡಿಲು ಅನಿಸುತ್ತದಂತೆ, ಒತ್ತಿ ಹಿಡಿಯುವುದೇ ಹಿತ ಅನಿಸುತ್ತದಂತೆ. ಉಂಗುರ ಉಕ್ಕಿಗೂ ಬೆರಳಿಗೂ ನಡುವೆ ಸಿಕ್ಕು ಮಾಂಸದೊಳಗೆ ಇಳಿದಿತ್ತು. ನನ್ನದೇ ಕಾಲು ನನಗೇ ಸುದ್ದಿ ಕೊಡದೆ ಕೊಳೆಯುತ್ತಿತ್ತು. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಬೆರಗು.

ಉಂಗುರ ಕತ್ತರಿಸಬೇಕು. ಇಲ್ಲದಿದ್ದರೆ ಬೆರಳು.

ನಾನು ಒಲ್ಲೆ ಎಂದೆ. ಬೆರಳೇ ಹೋಗಲಿ ಎಂದೆ. ನಮ್ಮ ಮನೆಯವರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು.

"ನಾ ಇಲ್ಲೇ ಗುಂಡಕಲ್ಲಿನಂಗ ಕುಂತೇನಿ. ಕತ್ತರಿಸಿದ ಮ್ಯಾಲೆ ನಾ ಸತ್ರ ಆಗ ಕೇಳು."

"ಆಗ ಯಾರನ್ನ ಕೇಳ್ಲಿ?" ಎಂದೆ.

ಡಾಕ್ಟರ್ ಬಾಯಿ ನಕ್ಕರು. ನಾನು ಕಾಲು ಚಾಚಿದೆ.

ಆಮೇಲೆ ಡ್ರೆಸ್ಸಿಂಗ್. ಕಪ್ಪಾದದ್ದನ್ನು ಕೆರೆದು ತೆಗೆದಾಗ ಎಲುಬು ಕಂಡಿತು. ಬೆರಳು ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಪ್ರತಿ ಸಲ ಪಟ್ಟಿ ಬಿಚ್ಚುವಾಗ ನಾನು ಬಗ್ಗಿ ನೋಡುತ್ತಿದ್ದೆ. ಒಂದು ದಿನ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಮಾಂಸ ಕಂಡಿತು. ಮುಂದಿನ ಸಲ ಇನ್ನಷ್ಟು. ಯಾರೂ ಹೇಳದೆ, ನನ್ನನ್ನೂ ಕೇಳದೆ, ಅಡಿಯಿಂದ ತುಂಬಿಕೊಂಡು ಬರುತ್ತಿತ್ತು. ಹೆರಿಗೆ ಕಂಡಿದ್ದೇನೆ, ಸಾವು ಕಂಡಿದ್ದೇನೆ. ಇಂಥದ್ದು ಕಂಡಿರಲಿಲ್ಲ.

ಉಗುರು ಹೋಯಿತು. ಬೆರಳು ಉಳಿಯಿತು.

ಹೊಸ ಬೂಟನ್ನು ಸಂಜೆ, ಕಾಲು ಬಾತಿರುವಾಗ ಆರಿಸಬೇಕು ಎಂದರು ಡಾಕ್ಟರ್ ಬಾಯಿ. ರಟ್ಟಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಕಾಲಿನ ಮಾತು ನಂಬಬೇಡಿ, ರಟ್ಟು ನಂಬಿ ಎಂದರು. ರಟ್ಟು ಒಯ್ದು ಅಂಗಡಿಯಲ್ಲಿ ಮುಂಭಾಗ ಅಗಲವಾದದ್ದು ತಂದೆವು. ಇವತ್ತಿಗೂ ಸಡಿಲು ಅನಿಸುತ್ತದೆ. ಅನಿಸಲಿ. ಹಾಕಿಕೊಳ್ಳುವ ಮುಂಚೆ ಒಳಗೆ ಕೈ ಹಾಕಿ ನೋಡುತ್ತೇನೆ. ಒಮ್ಮೆ ಕಬ್ಬಿಣದ ಚೂರು ಸಿಕ್ಕಿತು. ಕೈಗೆ ಚುಚ್ಚಿತು. ಕೈಗಾದರೂ ಇನ್ನೂ ಬುದ್ಧಿ ಇದೆ.

ಅಂಗಾಲನ್ನು ದಿನಾ ನೋಡಬೇಕಂತೆ. ನನ್ನ ಮೊಣಕಾಲು ಅಷ್ಟು ಮಡಚುವುದಿಲ್ಲ. ನಮ್ಮ ಮನೆಯವರು ನಾನೇ ನೋಡುತ್ತೇನೆ ಎಂದರು. ನನ್ನ ಕಾಲು ಅಕಸ್ಮಾತ್ ಅವರಿಗೆ ತಾಗಿದರೂ ಮುಟ್ಟಿ ನಮಸ್ಕಾರ ಮಾಡಿದವಳು ನಾನು. ಈಗ ಊಟಕ್ಕೆ ಮುಂಚೆ ಅವರು ಕನ್ನಡಕ ಹಾಕಿಕೊಂಡು ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಬೆರಳ ಸಂದಿ ಬಿಡಿಸಿ ನೋಡುತ್ತಾರೆ. ಅವರ ಕೈ ನನಗೆ ತಿಳಿಯುವುದಿಲ್ಲ. ಕಣ್ಣಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅದಕ್ಕೇ ನೋಡುತ್ತ ಕೂರುತ್ತೇನೆ.