ಮಸಿ ಬಳಿದ ಪಾರ್ಟು

ಕಳೆದ ಚಳಿಗಾಲದಲ್ಲಿ ಅಪ್ಪ ವಿಸಿಟ್ ವೀಸಾದಲ್ಲಿ ಗಲ್ಫಿಗೆ, ಅಲ್ ಹೈಲ್‌ನ ನಮ್ಮ ಮನೆಗೆ ಬಂದಿದ್ದರು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ನನ್ನ ಗಂಡ ಮೈಸೂರಿನವರಾದ್ದರಿಂದ ಮನೆಯಲ್ಲಿ ತುಳು ನಡೆಯುವುದಿಲ್ಲ. ಅಪ್ಪ ಮೊಮ್ಮಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಅವಳು ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು.

ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಿಪಾಯಿಗಳನ್ನು ನಗಿಸಲೆಂದು ಮಾಡಿದ ಪುಟ್ಟ ಕಾರ್ಟೂನುಗಳಲ್ಲಿ ಯಾರನ್ನು ಹೇಗೆ ತೋರಿಸಿದ್ದಾರೆ ಎಂದು ತರಗತಿಯಲ್ಲಿ ಮಾತಾಡಬೇಕಿತ್ತು. ಒಂದು ಶುಕ್ರವಾರ ಊಟವಾದ ಮೇಲೆ ಅವಳು ಅವನ್ನು ಟಿ.ವಿ.ಗೆ ಹಾಕಿದಳು.

ಮೊದಲನೆಯದರಲ್ಲಿ ಒಬ್ಬ ಸೋಮಾರಿ ಸಿಪಾಯಿ ಗುಡ್ಡೆಯಷ್ಟು ಆಲೂಗಡ್ಡೆ ಸುಲಿಯುತ್ತಿದ್ದ, ಸಾರ್ಜೆಂಟ್ ಅವನ ಕಿವಿಯ ಹತ್ತಿರ ಬೊಬ್ಬೆ ಹಾಕುತ್ತಿದ್ದ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎಲ್ಲ ಸೈನ್ಯವೂ ಒಂದೇ ಮಾರಾಯ್ತಿ!”

“ಅಜ್ಜಾ, ಇದ್ರಲ್ಲಿ ಹುಡುಗಿಯರು ಬರೀ ಗೋಡೆ ಪೋಸ್ಟರಲ್ಲಿ ಇದ್ದಾರೆ, ಅಬ್ಸರ್ವ್ ಮಾಡಿದ್ರಾ?” ಎಂದಳು ಮಗಳು. ಆಮೇಲೆ ಉಬ್ಬುಹಲ್ಲಿನ ಜಪಾನಿ ಶತ್ರು ಬಂದ. ಅದಕ್ಕೂ ಅಪ್ಪ ನಕ್ಕರು. ಕೊನೆಗೆ ಒಬ್ಬ ಕಪ್ಪು ಅಡುಗೆಯವ ಬಂದ. ದಪ್ಪ ತುಟಿ, ಪಿಳಿಪಿಳಿ ಕಣ್ಣು; ಸಣ್ಣ ಸದ್ದಿಗೂ ಬೆಚ್ಚಿ ಪಾತ್ರೆ ಬೀಳಿಸುವವ. ಅಪ್ಪನ ನಗು ನಿಂತಿತು.

“ಇದು ನಾನು ಮಾಡಿದ ಪಾರ್ಟು” ಎಂದರು.

ಅವರಿದ್ದದ್ದು ಉತ್ತರದ ಬೆಟ್ಟಗಳಲ್ಲಿ. ಅಧಿಕಾರಿಗಳೂ ಜವಾನರೂ ಒಟ್ಟಿಗೆ ಉಣ್ಣುವ ಬಡಾಖಾನಾದ ದಿನ ಒಂದು ಪ್ರಹಸನ ಇತ್ತಂತೆ. “ಮದ್ರಾಸಿ ಅಡುಗೆಯವನ ಪಾರ್ಟು ನನಗೆ ಕೊಟ್ಟರು. ಮುಖಕ್ಕೆ ಮಸಿ ಬಳಿದರು.”

“ಮಸಿ ಯಾಕೆ?”

“ನಾನು ಸಾಕಷ್ಟು ಕಪ್ಪು ಇಲ್ಲ ಅಂತ.”

“ನೀವು ನೋ ಅನ್ನಲಿಲ್ವಾ?”

“ಎಂತಕ್ಕೆ? ಪಾರ್ಟು ಸಿಕ್ಕಿದ ಖುಷಿ ನನಗೆ. ಸಾಹೇಬರು ಬೆನ್ನು ತಟ್ಟಿದರು. ಮರುದಿನದಿಂದ ನನ್ನ ಹೆಸರು ಹೋಯಿತು, ನೋಡು. ಪರೇಡಿನಲ್ಲೂ ಇಡ್ಲಿ, ಊಟದ ಸಾಲಿನಲ್ಲೂ ಇಡ್ಲಿ.”

ನಾನು ಇದನ್ನು ಕೇಳಿದ್ದು ಅದೇ ಮೊದಲು. ಅಪ್ಪ ಸೈನ್ಯದ ಸುದ್ದಿ ಬಂದಾಗಲೆಲ್ಲ ಹಿಮದ ಬಗ್ಗೆ, ರಮ್ಮಿನ ಬಗ್ಗೆ ಹೇಳುತ್ತಿದ್ದರೇ ಹೊರತು ಇದನ್ನು ಎತ್ತಿದವರಲ್ಲ.

ಮಗಳು ತರಗತಿಯಲ್ಲಿ ಹೇಳಲೇ ಎಂದು ಕೇಳಿದಳು. “ಹೇಳು. ಆದರೆ ಸೈನ್ಯವನ್ನು ಬೈಬೇಡ. ನನ್ನ ಕಾಲು ಮುರಿದಾಗ ಹಿಮದಲ್ಲಿ ಹೊತ್ತು ತಂದವ, ಆ ಮಸಿ ಬಳಿದವನೇ.”

ಅವಳು ಶಾಲೆಯಲ್ಲಿ ಅಡುಗೆಯವನ ತುಣುಕನ್ನೇ ತೋರಿಸಿದಳಂತೆ. ಎಲ್ಲರೂ ನಕ್ಕರು. ಆಮೇಲೆ ಅಜ್ಜನ ಕತೆ ಹೇಳಿದಳು. ಗೆಳತಿಯೊಬ್ಬಳು ಕೈಯೆತ್ತಿ, ಹೊತ್ತು ತರುವಾಗ ಅವನು ಅಜ್ಜನನ್ನು ಏನೆಂದು ಕರೆದ ಎಂದು ಕೇಳಿದಳು. ಮಗಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದವಳೇ ಬ್ಯಾಗನ್ನೂ ಇಳಿಸದೆ ಅಜ್ಜನನ್ನು ಕೇಳಿದಳು.

“ಇಡ್ಲಿ ಅಂತಲೇ” ಎಂದರು ಅಪ್ಪ. “ದಾರಿಯುದ್ದಕ್ಕೂ ‘ಇಡ್ಲಿ, ಸೋನಾ ಮತ್’ ಅಂತ. ನಿದ್ದೆ ಮಾಡಿದರೆ ನಾನು ಉಳಿಯುತ್ತಿರಲಿಲ್ಲ.”

“ಕೋಪ ಬಂತಾ ಅಜ್ಜಾ?”

“ಆಗ ಎಂತ ಕೋಪ? ಆಸ್ಪತ್ರೆಗೆ ನೋಡಲಿಕ್ಕೆ ಬಂದಾಗ, ನನ್ನ ಹೆಸರು ಇದಲ್ಲ ಮಾರಾಯ ಅಂತ ನಿಜವಾದ ಹೆಸರು ಹೇಳಿದೆ. ಪಾಪ, ಅವನ ನಾಲಿಗೆ ಅದಕ್ಕೆ ತಿರುಗಲಿಲ್ಲ. ಆದರೂ ಅಲ್ಲಿಂದ ಮೇಲೆ ಆ ಹೆಸರಿನಲ್ಲೇ ಕರೆದ, ತಪ್ಪುತಪ್ಪಾಗಿ.”